ಎರಡು ಸಭೆ, ಒಂದು ಮಾಡು: ಮಂಗಳೂರು ಉಡುಪಿಯಲ್ಲಿ ಐದು ದಿನ

ಬುಧವಾರ

ಬೆಳಿಗ್ಗೆ ಬಸ್ಸು ಹತ್ತುವಾಗ ನನ್ನ ಬ್ಯಾಗಲ್ಲಿ ಇದ್ದಿದ್ದು ಮೂರು ಜೊತೆ ಬಟ್ಟೆ, ಒಂದು ನೋಟ್‌ಬುಕ್ಕು, ಮತ್ತೆ ಹಳೇ ಪೇಪರಲ್ಲಿ ಸುತ್ತಿದ ಎರಡು ಹಂಚಿನ ತುಂಡು. ಹಂಚು ಯಾಕೆ ಅಂತ ಅಮ್ಮನೂ ಕೇಳಿದ್ರು, ಕಂಡಕ್ಟರೂ ಕೇಳಿದ. ಅವನಿಗೆ ಏನೋ ಒಂದು ಹೇಳಿದೆ, ಇಲ್ಲಿ ಪೂರ್ತಿ ಹೇಳ್ತೀನಿ.

ನಮ್ಮದು ಘಟ್ಟದ ಮೇಲೆ, ಚಿಕ್ಕಮಗಳೂರು ಕಡೆಯ ಸಣ್ಣ ಊರು, ಕಾಫಿ ತೋಟಗಳ ಮಧ್ಯೆ ಒಂದು ಪೇಟೆ. ಅಲ್ಲಿ ಒಂದು ಕಾಲದಲ್ಲಿ ಎರಡು ಕ್ರೈಸ್ತ ಸಭೆ ಇತ್ತು, ಒಂದೊಂದಕ್ಕೂ ಅದರದ್ದೇ ದೇವಾಲಯ. ಪೇಟೆ ಬೀದಿಯಲ್ಲಿ ಇದ್ದಿದ್ದು ವೆಸ್ಲಿಯನ್ ಮಿಷನ್ನಿನವರದ್ದು, ಅಂದ್ರೆ ಮೈಸೂರು ಸೀಮೆಯ ಮೆಥಡಿಸ್ಟರದ್ದು. ಮೇಲೆ ಗುಡ್ಡದ ತಿರುವಲ್ಲಿ ಬಾಸೆಲ್ ಮಿಷನ್ನಿನವರದ್ದು, ಇವರೆಲ್ಲ ಮಂಗಳೂರು ಉಡುಪಿ ಕಡೆಯಿಂದ ಎಸ್ಟೇಟ್ ರೈಟರಾಗಿ, ಮೇಷ್ಟ್ರಾಗಿ, ನರ್ಸಾಗಿ ಘಟ್ಟ ಹತ್ತಿ ಬಂದ ಮನೆಯವರು, ಮನೆಯಲ್ಲಿ ತುಳು, ದೇವಾಲಯದಲ್ಲಿ ಕನ್ನಡ. ನನ್ನ ಅಜ್ಜ ಕೆಳಗಿನವರು, ಅಜ್ಜಿ ಮೇಲಿನವರು. ಎರಡೂ ಸಭೆ ಸೇರಿ ಒಂದಾಗಿ ಎಷ್ಟೋ ವರ್ಷ ಆಯ್ತು, ಆದ್ರೂ ಈಗಲೂ ಹಿರಿಯರು ಮಾತಿನ ಮಧ್ಯೆ "ಅವ್ರು ಮೇಲಿನವ್ರಲ್ವಾ" ಅಂದುಬಿಡ್ತಾರೆ.

ಒಂದಾದಾಗ ಗುಡ್ಡದ ದೇವಾಲಯ ಬಿಚ್ಚಿ, ಅದರ ಹಂಚು ಪಕ್ಕಾಸು ರೀಪು ಎಲ್ಲಾ ಲಾರಿಯಲ್ಲಿ ಕೆಳಗೆ ತಂದು ಪೇಟೆ ದೇವಾಲಯವನ್ನ ಹಿಂದಕ್ಕೆ ಉದ್ದ ಮಾಡಿದ್ರಂತೆ. ಹಾಗಾಗಿ ನಮ್ಮ ಮಾಡಿನ, ಅಂದ್ರೆ ಚಾವಣಿಯ, ಮುಂದಿನ ಅರ್ಧದ ಹಂಚಿನ ಹಿಂಬದಿಯಲ್ಲಿ ಕಾಮನ್‌ವೆಲ್ತ್ ಅಂತ ಅಚ್ಚಿದೆ, ಹಿಂದಿನ ಅರ್ಧದಲ್ಲಿ ಬಾಸೆಲ್ ಮಿಷನ್, 1865 ಅಂತ. ಎರಡೂ ಸೇರೋ ಕಡೆ ಪ್ರತಿ ಮಳೆಗಾಲ ಸೋರುತ್ತೆ, ಸರಿಯಾಗಿ ಏಳನೇ ಬೆಂಚಿನ ಮೇಲೆ. ಆ ಬೆಂಚಲ್ಲಿ ಕೂರೋದು ನಾವೇ, ಆದ್ರಿಂದ ಬಕೆಟ್ ಇಡೋ ಕೆಲಸವೂ ನಮ್ಮ ಮನೆಯದ್ದೇ.

ಈ ಸಲ ಸಭೆಯಿಂದ ಒಂದು ಸ್ಮರಣ ಸಂಚಿಕೆ ತರ್ತಿದಾರೆ, ಚರಿತ್ರೆ ನೀನು ಬರಿ ಅಂತ ದೊಡ್ಡಪ್ಪ ನನಗೆ ಒಪ್ಪಿಸಿದ್ರು. ಹಳೇ ಸಂಚಿಕೆ ತೆಗೆದು ನೋಡಿದ್ರೆ ಇಡೀ ವಿಷಯಕ್ಕೆ ಒಂದೇ ಸಾಲು, ದೇವರ ಕೃಪೆಯಿಂದ ಎರಡೂ ಸಭೆಗಳು ಪ್ರೀತಿಯಿಂದ ಒಂದಾದವು ಅಂತ. ಅಷ್ಟು ಸಲೀಸಾಗಿ ಆಗಿದ್ರೆ ಅಜ್ಜ ಅಜ್ಜಿ ಮದುವೆಗೆ ಎರಡು ಕಡೆಯವರೂ ಯಾಕೆ ಮುಖ ಊದಿಸ್ಕೊಂಡಿದ್ರು? ಅವರದ್ದು ಒಂದೇ ಬೈಬಲ್ಲು, ಒಂದೇ ಕನ್ನಡ, ಎರಡು ದೇವಾಲಯದ ಮಧ್ಯೆ ಹತ್ತು ನಿಮಿಷದ ದಾರಿ. ಜಗಳ ಎಂತದ್ದು ಅಂತ ಸರಿಯಾಗಿ ತಿಳ್ಕೊಂಡೇ ಬರೀಬೇಕು ಅಂತ ಹೊರಟೆ.

ಕೊಟ್ಟಿಗೆಹಾರದಲ್ಲಿ ನೀರುದೋಸೆ, ಚಾರ್ಮಾಡಿಯಲ್ಲಿ ಪೂರಾ ಮಂಜು, ಉಜಿರೆ ದಾಟಿದ್ಮೇಲೆ ಸೆಕೆ. ಮಂಗಳೂರಿನ ಜೆಪ್ಪುವಿನಲ್ಲಿ ಅತ್ತೆ ಮನೆ ಮುಟ್ಟುವಾಗ ಮಧ್ಯಾಹ್ನ ಆಗಿತ್ತು, ಬಂಗುಡೆ ಸಾರು ಕಾಯ್ತಾ ಇತ್ತು.

ಗುರುವಾರ

ಇವತ್ತು ಪೂರ್ತಿ ಮಂಗಳೂರಿನ ಬಲ್ಮಠ ಗುಡ್ಡದಲ್ಲಿ. ಮೊದಲೇ ಫೋನ್ ಮಾಡಿ ಕೇಳಿಕೊಂಡಿದ್ದರಿಂದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಲೈಬ್ರರಿಯಲ್ಲಿ ಕೂತು ಓದೋಕೆ ಜಾಗ ಸಿಕ್ತು. ಗುಡ್ಡದ ಮೇಲೆ ದೊಡ್ಡ ಮರಗಳು, ಕೆಳಗೆ ಊರಿನ ಗಲಾಟೆ, ಮೇಲೆ ಮಾತ್ರ ಗಾಳಿ ಸದ್ದು. ಇದೇ ಗುಡ್ಡದಿಂದ ನಡೆದ ಮಿಷನ್ ಇಲ್ಲಿ ಪ್ರೆಸ್ ಹಾಕಿದ್ದು, 1843ರಲ್ಲಿ ಹರ್ಮನ್ ಮೋಗ್ಲಿಂಗ್ ಮಂಗಳೂರ ಸಮಾಚಾರ ಹೊರಡಿಸಿದ್ದು, 1894ರಲ್ಲಿ ಕಿಟೆಲ್ಲರ ನಿಘಂಟು ಅಚ್ಚಾಗಿದ್ದು, ಅದೆಲ್ಲ ಶಾಲೆಯಲ್ಲೇ ಓದಿದ್ವಿ. ಆದ್ರೆ ನಾನು ಹುಡುಕ್ಕೊಂಡು ಬಂದಿದ್ದು ಬೇರೆ.

ಬಾಸೆಲ್ ಮಿಷನ್ ಶುರುವಾಗಿದ್ದು 1815ರಲ್ಲಿ, ಸ್ವಿಟ್ಜರ್ಲೆಂಡಿನ ಗಡಿ ಊರು ಬಾಸೆಲ್‌ನಲ್ಲಿ. ಹೆಬಿಕ್, ಲೇನರ್, ಗ್ರೈನರ್ ಅಂತ ಮೂರು ಜನ 1834ರ ಅಕ್ಟೋಬರ್ ಕೊನೆಗೆ ಮಂಗಳೂರಿಗೆ ಬಂದ್ರು. ನನಗೆ ಗೊತ್ತಿಲ್ಲದೇ ಇದ್ದ ಸಂಗತಿ ಏನಂದ್ರೆ ಈ ಮಿಷನ್ನೇ ಎರಡು ಸಂಪ್ರದಾಯ ಸೇರಿ ಆಗಿದ್ದು. ಜರ್ಮನಿಯ ವುರ್ಟೆಂಬರ್ಗ್ ಕಡೆಯ ಲೂಥರನ್ನರು ಒಂದು ಕಡೆ, ಸ್ವಿಸ್ ರಿಫಾರ್ಮ್ಡ್ ಸಭೆಯವರು ಇನ್ನೊಂದು ಕಡೆ. ಪ್ರಭು ಭೋಜನದಲ್ಲಿ, ಅಂದ್ರೆ ಯೇಸುವಿನ ನೆನಪಿಗೆ ರೊಟ್ಟಿ ದ್ರಾಕ್ಷಾರಸ ತಗೊಳ್ಳೋ ಆರಾಧನೆಯಲ್ಲಿ, ಆ ರೊಟ್ಟಿಯಲ್ಲಿ ಕರ್ತನು ಹೇಗೆ ಇರ್ತಾನೆ ಅನ್ನೋ ಪ್ರಶ್ನೆಗೆ ಯೂರೋಪಲ್ಲಿ ಈ ಎರಡು ಕಡೆಯವರು ಮುನ್ನೂರು ವರ್ಷ ಬೇರೆ ಬೇರೆ ಕೂತವರು. ಜರ್ಮನಿಯಲ್ಲಿ 1817ರಲ್ಲಿ ಪ್ರಷ್ಯದ ರಾಜ ತನ್ನ ರಾಜ್ಯದ ಲೂಥರನ್ ಮತ್ತೆ ರಿಫಾರ್ಮ್ಡ್ ಸಭೆಗಳನ್ನ ಒಂದು ಮಾಡೋಕೆ ಹೊರಟ. ಮೇಲಿಂದ ಆರ್ಡರ್ ಬಂತು, ಪ್ರಾರ್ಥನಾ ಪುಸ್ತಕವನ್ನೂ ರಾಜನೇ ಕೊಟ್ಟ. ಒಪ್ಪದ ಲೂಥರನ್ನರು ಹೊರಗೆ ಬಂದು ಬೇರೆ ಸಭೆ ಕಟ್ಟಿದ್ರು, ಕೆಲವರು ಊರು ದೇಶ ಬಿಟ್ಟು ಅಮೆರಿಕ ಆಸ್ಟ್ರೇಲಿಯಕ್ಕೆ ಹೋದ್ರು. ಓದ್ತಾ ಓದ್ತಾ ನಾನು ಪೆನ್ನು ಕೆಳಗಿಟ್ಟೆ. ಒಂದು ಮಾಡ್ತೀನಿ ಅಂತ ಹೊರಟು ಎರಡು ಇದ್ದಿದ್ದನ್ನ ಮೂರು ಮಾಡಿದ ಕಥೆ ಅದು.

ನಮ್ಮ ಕಡೆ ನಡೆದಿದ್ದೇ ಬೇರೆ ರೀತಿ. 1919ರ ಮೇ ತಿಂಗಳಲ್ಲಿ ತಮಿಳುನಾಡಿನ ತರಂಗಂಬಾಡಿಯಲ್ಲಿ 33 ಜನ ಸೇರಿದ್ರು, ಹೆಚ್ಚುಕಮ್ಮಿ ಎಲ್ಲರೂ ಭಾರತೀಯ ಸಭಾಪಾಲಕರೇ, ಅಂದ್ರೆ ಪಾದ್ರಿಗಳೇ, ಆಂಗ್ಲಿಕನ್ನರಲ್ಲಿ, ಅಂದ್ರೆ ಇಂಗ್ಲೆಂಡಿನ ಸಭೆಯವರಲ್ಲಿ, ಮೊದಲ ಭಾರತೀಯ ಬಿಷಪ್ ಆದ ವಿ.ಎಸ್. ಅಜರಯ್ಯನವರೂ ಇದ್ರು. ಪರದೇಶದವರ ಜಗಳದ ಹೆಸರಲ್ಲಿ ನಾವು ಯಾಕೆ ಬೇರೆ ಇರಬೇಕು ಅನ್ನೋದು ಅವರ ಪ್ರಶ್ನೆ. ಅಲ್ಲಿಂದ ದಕ್ಷಿಣ ಭಾರತ ಸಭೆ, ನಾವು ಸಿಎಸ್‌ಐ ಅಂತೀವಲ್ಲ ಅದು, ಆಗೋಕೆ 28 ವರ್ಷ ಬೇಕಾಯ್ತು. ಮದ್ರಾಸಿನ ಸೇಂಟ್ ಜಾರ್ಜ್ ಕಥೀಡ್ರಲ್‌ನಲ್ಲಿ 1947ರ ಸೆಪ್ಟೆಂಬರ್ 27ಕ್ಕೆ ಆಂಗ್ಲಿಕನ್, ಮೆಥಡಿಸ್ಟ್, ಮತ್ತೆ ಪ್ರೆಸ್ಬಿಟೇರಿಯನ್ ಕಾಂಗ್ರಿಗೇಷನಲ್ ಸಭೆಗಳು ಮೊದಲೇ ಸೇರಿ ಆಗಿದ್ದ ಒಂದು ಸಭೆ, ಈ ಮೂರೂ ಒಂದಾದ್ವು. ಅಜರಯ್ಯನವರು ಅದನ್ನ ನೋಡಲಿಲ್ಲ, 1945ರ ಮೊದಲ ದಿನವೇ ತೀರಿಕೊಂಡಿದ್ರು.

ಇಪ್ಪತ್ತೆಂಟು ವರ್ಷ ಯಾಕೆ ಅಂದ್ರೆ ಬಿಷಪ್ಪರ, ಅಂದ್ರೆ ಪಾಲಕರಿಗೆಲ್ಲ ಮೇಲಿನ ಮುಖ್ಯಸ್ಥರ, ವಿಷಯಕ್ಕೆ. ಆಂಗ್ಲಿಕನ್ನರ ಪ್ರಕಾರ ಬಿಷಪ್ ಕೈಯಿಟ್ಟು ಅಭಿಷೇಕ ಮಾಡದೇ ಇದ್ರೆ ಸಭಾಪಾಲಕನೇ ಅಲ್ಲ. ಉಳಿದವರಿಗೆ ಇದು ಅವಮಾನ, ಹಾಗಾದ್ರೆ ಇಷ್ಟು ದಿನ ನಮ್ಮ ಪಾಲಕರು ಕೊಟ್ಟ ದೀಕ್ಷಾಸ್ನಾನ, ಪ್ರಭು ಭೋಜನ ಎಲ್ಲ ಸುಳ್ಳಾ ಅಂತ. ಕೊನೆಗೆ ಏನು ಮಾಡಿದ್ರು ಅಂದ್ರೆ ಈಗಾಗಲೇ ಪಾಲಕರಾಗಿರೋರನ್ನ ಇದ್ದ ಹಾಗೇ ಒಪ್ಪೋದು, ಯಾರಿಗೂ ಎರಡನೇ ಸಲ ಅಭಿಷೇಕ ಇಲ್ಲ, ಇನ್ಮುಂದೆ ಆಗೋರಿಗೆ ಮಾತ್ರ ಬಿಷಪ್ಪರ ಕೈಯಿಂದ, ಹೀಗೆ ಮೂವತ್ತು ವರ್ಷ ನಡೀಲಿ ಅಂತ. ಅದರ ಜೊತೆಗೆ ಒಂದು ವಾಗ್ದಾನ, ಯಾವ ಊರಿನ ಸಭೆಗೂ ಅದಕ್ಕೆ ರೂಢಿ ಇಲ್ಲದ ಆರಾಧನಾ ಕ್ರಮ ಹೇರಬಾರದು, ಮನಸ್ಸಾಕ್ಷಿ ಒಪ್ಪದ ಪಾಲಕರನ್ನ ಕಳಿಸಬಾರದು. ನಾನು ಇದನ್ನ ನೋಟ್‌ಬುಕ್ಕಲ್ಲಿ ಎರಡು ಸಲ ಬರ್ಕೊಂಡೆ. ಪ್ರಷ್ಯದ ರಾಜನಿಗೆ ಹೊಳೆಯದ ವಿಷಯ ಇದೇ, ಕಾಯೋದಕ್ಕೆ ಜಾಗ ಬಿಡೋದು.

ನಮ್ಮ ಪೇಟೆಯ ಮೆಥಡಿಸ್ಟರು 1947ರಲ್ಲೇ ಸಿಎಸ್‌ಐ ಆದ್ರು. ದಕ್ಷಿಣ ಕನ್ನಡದ ಬಾಸೆಲ್ ಮಿಷನ್ ಸಭೆಗಳು ಒಳಗೆ ಬಂದಿದ್ದು 1960ರ ದಶಕದ ಕೊನೆಗೆ, ಕೆಲವು ಸಭೆಯವರು ಆವಾಗಲೂ ಬರಲಿಲ್ಲ. ಅಂದ್ರೆ ಸುಮಾರು ಇಪ್ಪತ್ತು ವರ್ಷ ನಮ್ಮ ಊರಲ್ಲಿ ಕೆಳಗಿನವರಿಗೆ ಬಿಷಪ್ ಇದ್ರು, ಮೇಲಿನವರಿಗೆ ಇರಲಿಲ್ಲ. ಅಜ್ಜ ಅಜ್ಜಿ ಮದುವೆ ಆಗಿದ್ದು ಸರಿಯಾಗಿ ಆ ಮಧ್ಯದಲ್ಲಿ!

ಇನ್ನೂ ಒಂದು ವಿಷಯ ಕಾಲೇಜಿನ ಬಗ್ಗೆಯೇ. ಬಾಸೆಲ್ ಮಿಷನ್ 1847ರಲ್ಲಿ ಶುರು ಮಾಡಿದ ಸೆಮಿನರಿಯೂ, ತುಮಕೂರಲ್ಲಿ ಇದ್ದ ಯೂನಿಯನ್ ಕೆನರೀಸ್ ಸೆಮಿನರಿಯೂ 1965ರಲ್ಲಿ ಸೇರಿ ಆಗಿದ್ದು ಈ ಕಾಲೇಜು. ಅಂದ್ರೆ ಸಭೆಗಳು ಕೂಡೋದಕ್ಕೆ ಮೊದಲೇ ಎರಡೂ ಕಡೆಯ ಹುಡುಗರು ಒಂದೇ ಹಾಸ್ಟೆಲಲ್ಲಿ ಉಂಡು ಮಲಗಿ ಓದ್ತಿದ್ರು. ನಮ್ಮ ಊರಿನ ಸಭೆಗಳನ್ನ ಕೂಡಿಸಿದ ಪಾಲಕರೂ ಇಲ್ಲಿ ಓದಿದವರೇ. ಮೇಲಿನವರು ಅವರನ್ನ ನಮ್ಮವರು ಅಂದ್ರು, ಕೆಳಗಿನವರೂ ನಮ್ಮವರು ಅಂದ್ರು ಅಂತ ಅಪ್ಪ ಹೇಳ್ತಿದ್ರು, ಅದು ಹೇಗೆ ಅಂತ ನನಗೆ ಅರ್ಥ ಆಗಿದ್ದು ಇವತ್ತು.

ಶುಕ್ರವಾರ

ಬೆಳಿಗ್ಗೆ ಜೋರು ಮಳೆ. ಹತ್ತು ಗಂಟೆಗೆ ಬಿಟ್ಟಿತು, ಮಾಮ ಕೊಡೆ ಹಿಡ್ಕೊಂಡು "ನಡಿ, ನಿನ್ನ ಹಂಚಿಗೆ ಡಾಕ್ಟ್ರನ್ನ ತೋರಿಸ್ತೇನೆ" ಅಂತ ಹೊರಟ್ರು. ಎರಡು ಓಣಿ ಆಚೆ ಒಬ್ಬ ಅಜ್ಜ, ನಲವತ್ತು ವರ್ಷ ಹಂಚಿನ ಕಾರ್ಖಾನೆಯಲ್ಲಿ ದುಡಿದವರು, ಪ್ರೆಸ್ಸಲ್ಲೂ ಗೂಡಲ್ಲೂ ಕೆಲಸ ಮಾಡಿದವರು.

ಜೆಪ್ಪುವಿನಲ್ಲಿ ನೇತ್ರಾವತಿ ದಡದಲ್ಲೇ ಮೊದಲ ಕಾರ್ಖಾನೆ ಆಗಿದ್ದು, 1865ರಲ್ಲಿ, ಪ್ಲೆಬ್ಸ್ಟ್ ಅನ್ನೋ ಮಿಷನರಿ ಶುರು ಮಾಡಿದ್ದು. ಹೊಳೆಯ ಜೇಡಿಮಣ್ಣು, ದೋಣಿಯಲ್ಲಿ ಬರೋ ಸೌದೆ, ಹತ್ತಿರದಲ್ಲೇ ಬಂದರು. ಮಿಷನ್ನಿಗೆ ಕಾರ್ಖಾನೆ ಯಾಕೆ ಬೇಕಿತ್ತು ಅಂದ್ರೆ ಕ್ರೈಸ್ತರಾದವರಿಗೆ ಮನೆಯೂ ಹೋಗ್ತಿತ್ತು, ಕುಲಕಸುಬೂ ಹೋಗ್ತಿತ್ತು, ಗೇಣಿ ಜಮೀನೂ ಹೋಗ್ತಿತ್ತು. ಶೇಂದಿ ಇಳಿಸೋ ಕೆಲಸದವರು ಅದನ್ನ ಬಿಟ್ಟು ಬಂದ್ರೆ ಹೊಟ್ಟೆಗೇನು? ಅದಕ್ಕೆ ನೇಯ್ಗೆ, ಅದಕ್ಕೆ ಪ್ರೆಸ್ಸು, ಅದಕ್ಕೆ ಹಂಚು. ಒಂದನೇ ಮಹಾಯುದ್ಧ ಬಂದಾಗ ಜರ್ಮನ್ ಮಿಷನರಿಗಳನ್ನ ಬ್ರಿಟಿಷ್ ಸರ್ಕಾರ ಕ್ಯಾಂಪಲ್ಲಿ ಇಟ್ಟು ಆಮೇಲೆ ಊರಿಗೆ ಕಳಿಸಿತು, ಕಾರ್ಖಾನೆಗಳು ಯುದ್ಧದ ನಂತರ ಕಾಮನ್‌ವೆಲ್ತ್ ಟ್ರಸ್ಟಿನ ಕೈಗೆ ಹೋದ್ವು. ಸಭೆಗಳ ಭಾರ ನಮ್ಮವರೇ ಆದ ಪಾಲಕರ ಹೆಗಲಿಗೆ ಬಂತು.

ಅಜ್ಜ ಜಗಲಿಯಲ್ಲಿ ಕೂತು ಎರಡೂ ತುಂಡನ್ನ ಮಡಿಲಲ್ಲಿ ಇಟ್ಕೊಂಡ್ರು. ಮೊದಲು ಮೂಗಿನ ಹತ್ರ ತಂದ್ರು, ಆಮೇಲೆ ಬೆರಳ ಗಂಟಲ್ಲಿ ಬಡಿದ್ರು. ಬಾಸೆಲ್ ಮಿಷನ್ ಹಂಚು ಟಣ್ ಅಂತು, ಗಂಟೆ ತರ. ಇನ್ನೊಂದು ಸ್ವಲ್ಪ ಮಂದ. ಆಮೇಲೆ ಹೆಬ್ಬೆರಳನ್ನ ಅಂಚಿನ ಗಾಡಿಯಲ್ಲಿ, ಅಂದ್ರೆ ಉದ್ದಕ್ಕೆ ಇರೋ ತೋಡಿನಲ್ಲಿ, ನಿಧಾನಕ್ಕೆ ಎಳೆದ್ರು, ಪಾಚಿ ಕಪ್ಪಾಗಿ ಉಗುರಿಗೆ ಬಂತು. ಒಂದು ಹಂಚಿನ ಏಣು ಪಕ್ಕದ ಹಂಚಿನ ಗಾಡಿಯಲ್ಲಿ ಕೂರಬೇಕು, ಹಿಂದಿನ ಮೂಗು ರೀಪಿಗೆ ಸಿಕ್ಕಬೇಕು, ಅಷ್ಟಾದ್ರೆ ಮೊಳೆಯೂ ಬೇಡ ಸಿಮೆಂಟೂ ಬೇಡ.

"ಎರಡೂ ಒಂದೇ ಮನೆಯ ಮಕ್ಕಳು ಮಾರಾಯ್ರೆ, ಯುದ್ಧದ ಮೊದಲು ಆ ಹೆಸರು, ಮತ್ತೆ ಈ ಹೆಸರು" ಅಂದ್ರು. ಅದನ್ನ ಕೇಳಿ ನನಗೆ ಮೈ ಜುಂ ಅಂತು. ಮೆಥಡಿಸ್ಟರ ಮಾಡಿಗೂ ಹಂಚು ಬಂದಿದ್ದು ಬಾಸೆಲ್ ಮಿಷನ್ ಹಾಕಿದ ಕಾರ್ಖಾನೆಗಳಿಂದಲೇ, ಐವತ್ತು ವರ್ಷ ಅದರ ಕೆಳಗೆ ಕೂತ ಯಾರಿಗೂ ಗೊತ್ತಿರಲಿಲ್ಲ.

"ಹಾಗಾದ್ರೆ ಸೋರೋದು ಯಾಕೆ ಅಜ್ಜ?"

"ಅಚ್ಚು ಬದಲಾದ್ರೆ ಒಂದು ನೂಲು ಹೆಚ್ಚುಕಮ್ಮಿ ಆಗ್ತದೆ. ಗೂಡಿನ ಬೆಂಕಿಯಲ್ಲಿ ಸಹ ಆಗ್ತದೆ. ನಿಮ್ಮವರು ಎಂತ ಮಾಡಿದ್ದಾರೆ, ಒಂದೇ ಸಾಲಲ್ಲಿ ಅದನ್ನೂ ಇದನ್ನೂ ತುರುಕಿದ್ದಾರೆ, ಒತ್ತಿ ಕೂರಿಸಿದ್ದಾರೆ. ಒತ್ತಿದ್ರೆ ಕಿವಿ ಒಡೀತದೆ. ನೋಡಿ ಇಲ್ಲಿ ಒಡೆದದ್ದು." ತೋರಿಸಿದ್ರು, ಹೌದು, ಅಂಚಲ್ಲಿ ಕೂದಲೆಳೆಯ ಬಿರುಕು. "ಸಾಲು ಬೇರೆ ಮಾಡಿ. ಇದರದ್ದು ಇದಕ್ಕೆ, ಅದರದ್ದು ಅದಕ್ಕೆ. ಸೇರುವಲ್ಲಿ ಅಡಿಗೆ ತಗಡು ಒಂದು ಕೊಡಿ. ಇನ್ನು ನೂರು ವರ್ಷ ಎಂತದೂ ಆಗುದಿಲ್ಲ."

1865ರ ಬಗ್ಗೆಯೂ ಕೇಳಿದೆ, ಯಾಕಂದ್ರೆ ನಮ್ಮ ಊರಲ್ಲಿ ಎಲ್ಲರೂ ನಂಬಿಕೊಂಡಿರೋದು ಗುಡ್ಡದ ದೇವಾಲಯ 1865ರದ್ದು ಅಂತ. ಅದು ಕಾರ್ಖಾನೆ ಶುರುವಾದ ವರ್ಷ, ಹಂಚು ಸುಟ್ಟ ವರ್ಷ ಅಲ್ಲ ಅಂದ್ರು. ಊರಿಗೆ ಹೋಗಿ ಇದನ್ನ ಹೇಗೆ ಹೇಳೋದು ಅಂತ ದಾರಿಯುದ್ದಕ್ಕೂ ಯೋಚನೆ.

ಸಂಜೆ ನೆಹರೂ ಮೈದಾನದ ಹತ್ರ ಸೇಂಟ್ ಪಾಲ್ಸ್ ದೇವಾಲಯ ಹೊರಗಿಂದ ನೋಡಿ ಬಂದೆ. 1840ರ ದಶಕದಲ್ಲಿ ಇಂಗ್ಲಿಷ್ ಕಂಪನಿಯವರಿಗಾಗಿ ಕಟ್ಟಿದ ಆಂಗ್ಲಿಕನ್ ದೇವಾಲಯ ಅದು. ಬಲ್ಮಠಕ್ಕೂ ಅದಕ್ಕೂ ನಡೆಯೋ ದೂರ, ಆದ್ರೂ ನೂರು ವರ್ಷಕ್ಕೂ ಹೆಚ್ಚು ಕಾಲ ಎರಡು ಬೇರೆ ಲೋಕ, ಈಗ ಒಂದೇ ಡಯಾಸಿಸ್ಸು, ಅಂದ್ರೆ ಒಬ್ಬರೇ ಬಿಷಪ್ಪರ ಕೆಳಗೆ.

ಶನಿವಾರ

ಎಕ್ಸ್‌ಪ್ರೆಸ್ ಬಸ್ಸಲ್ಲಿ ಸುರತ್ಕಲ್, ಮೂಲ್ಕಿ, ಪಡುಬಿದ್ರಿ, ಕಾಪು, ಎಲ್ಲಾ ಕಿಟಕಿಯಲ್ಲಿ ಮಳೆನೀರಾಗಿ ಹರಿದುಹೋಯ್ತು. ಉಡುಪಿಯಲ್ಲಿ ಇಳಿದು ಮಿಷನ್ ಆಸ್ಪತ್ರೆ ಕಡೆ ನಡೆದೆ. 1923ರಲ್ಲಿ ಇವಾ ಲೊಂಬಾರ್ಡ್ ಅನ್ನೋ ಸ್ವಿಸ್ ಡಾಕ್ಟರಮ್ಮ ಶುರು ಮಾಡಿದ ಆಸ್ಪತ್ರೆ, ನಮ್ಮ ಸಣ್ಣಜ್ಜಿ ನರ್ಸಿಂಗ್ ಕಲಿತಿದ್ದು ಅಲ್ಲೇ. ಸಣ್ಣಜ್ಜಿ ಅಂದ್ರೆ ಅಜ್ಜಿಯ ತಂಗಿ, ನಮ್ಮ ಊರಲ್ಲಿ ಮೂವತ್ತು ವರ್ಷ ಇದ್ದು ಆಮೇಲೆ ಉಡುಪಿಗೆ ವಾಪಸ್ ಬಂದವರು, ಈಗ ಎಂಬತ್ತೆಂಟು.

"ಎಂಚ ಉಲ್ಲ ಮಗಾ", ಹೇಗಿದ್ದೀಯ ಅಂತ ತುಳುವಲ್ಲಿ ಕೇಳಿ ಎರಡೂ ಕೈಯಲ್ಲಿ ನನ್ನ ಮುಖ ಹಿಡಿದ್ರು. ಕಿವಿ ಸ್ವಲ್ಪ ದೂರ, ನೆನಪು ಮಾತ್ರ ಚೊಕ್ಕ. ನಾನು ಜಗಳದ ವಿಷಯ ಕೇಳಿದೆ. ಮೊದಲು ಬೇಡ ಅಂದ್ರು, ಬನ್ಸು ತಿನ್ನು ಅಂದ್ರು, ಆಮೇಲೆ ಅವರಾಗೇ ಶುರು ಮಾಡಿದ್ರು. ಪೇಟೆಯವರು ಮೊಣಕಾಲೂರಿ ಭೋಜನ ತಗೊಳ್ಳೋರು, ನಾವು ಮೇಲಿನವರು ನಿಂತು. ಅವರಿಗೆ ವರ್ಷದ ಮೊದಲ ಭಾನುವಾರ ಒಡಂಬಡಿಕೆ ಆರಾಧನೆ, ಅಂದ್ರೆ ದೇವರಿಗೆ ಕೊಟ್ಟ ಮಾತನ್ನ ಹೊಸದು ಮಾಡೋದು, ನಮಗೆ ಅದು ಗೊತ್ತೇ ಇರಲಿಲ್ಲ. ನಮ್ಮಲ್ಲಿ ಹಿರಿಯರ ಮಾತೇ ಕೊನೆ, ಕುಡಿದು ಬಂದ್ರೆ ಭೋಜನದಿಂದ ಹೊರಗೆ ಇಡ್ತಿದ್ರು, ಬಿಷಪ್ ಬಂದ್ರೆ ಹಿರಿಯರ ಮಾತು ನಡೆಯುತ್ತಾ ಅಂತ ಹೆದರಿಕೆ. ಗುಡ್ಡದ ಜಾಗ ಯಾರ ಹೆಸರಿಗೆ ಹೋಗ್ತದೆ ಅಂತ ಇನ್ನೊಂದು ಹೆದರಿಕೆ. "ಸುಮ್ಮನೆ ಹಠ ಅಲ್ಲ ಮಗಾ, ನನ್ನ ಅಪ್ಪ ಆ ಗೋಡೆಗೆ ಕಲ್ಲು ಹೊತ್ತವರು."

ಮತ್ತೆ ಒಂದು ಆಷಾಢದ ಮಳೆಯಲ್ಲಿ ಪೇಟೆಯವರ ಒಂದು ಮಗು ತೀರಿಹೋಯ್ತಂತೆ, ಅವರ ಸಮಾಧಿ ಜಾಗ ಹಳ್ಳದ ಆಚೆ, ಹಳ್ಳ ಕಟ್ಟೆ ಮೀರಿ ಹರೀತಿತ್ತು. ಎರಡು ದಿನ ಕಾದ್ರು. ಮೂರನೇ ದಿನ ಬೆಳಿಗ್ಗೆ ಮೇಲಿನ ಸಭೆಯ ಹಿರಿಯರು, ಯಾರನ್ನೂ ಕೇಳದೆ, ಯಾವ ಮೀಟಿಂಗೂ ಇಲ್ಲದೆ ಗುಡ್ಡದ ಜಾಗದಲ್ಲಿ ಗುಂಡಿ ತೋಡಿಸಿ ಕೆಳಗೆ ಹೇಳಿ ಕಳಿಸಿದ್ರು. ಪೇಟೆಯವರು ಮೊದಲ ಸಲ ಗುಡ್ಡ ಹತ್ತಿದ್ದು ಅವತ್ತೇ. ಸಭೆಗಳು ಕಾಗದದಲ್ಲಿ ಒಂದಾಗಿದ್ದು ಅದಾಗಿ ಎಷ್ಟೋ ವರ್ಷದ ಮೇಲೆ. ಆ ಮಗುವಿನ ಸಮಾಧಿಗೆ ಹೆಸರಿನ ಕಲ್ಲಿಲ್ಲ, ಒಂದು ಸಂಪಿಗೆ ಗಿಡ ಇದೆ, ಚಿಕ್ಕಂದಿನಿಂದ ನಾನು ಅದರ ಹೂವು ಕಿತ್ತಿದೀನಿ, ಏನೂ ಗೊತ್ತಿಲ್ಲದೆ.

ಹೊರಡುವಾಗ ಸಣ್ಣಜ್ಜಿ 'ತಡಿ' ಅಂತ ಒಳಗೆ ಹೋಗಿ ಬಟ್ಟೆಯಲ್ಲಿ ಸುತ್ತಿದ ಸಂಗೀತ ಪುಸ್ತಕ ತಂದ್ರು, ದೇವಾಲಯದಲ್ಲಿ ಹಾಡೋ ಹಾಡುಗಳಿಗೆ ನಾವು ಸಂಗೀತ ಅಂತೀವಿ. ನನ್ನ ಅಜ್ಜಿಯದ್ದು. ಬೆನ್ನು ಕಿತ್ತು ಹೋಗಿ ಬಿಳಿ ದಾರದಲ್ಲಿ ಹೊಲಿದಿದೆ. ಒಳಗೆ ಒಂದೊಂದು ಸಂಗೀತದ ತಲೆ ಮೇಲೂ ಪೆನ್ಸಿಲಲ್ಲಿ ಸಣ್ಣಕ್ಕೆ ಇನ್ನೊಂದು ನಂಬರ್, ಅದರ ಮುಂದೆ ಕೆ ಅಂತ. ಕೆ ಅಂದ್ರೆ ಕೆಳಗಿನವರು. ಎರಡೂ ಸಭೆ ಸೇರಿದ ಮೇಲೆ ಮುಂದೆ ನಂಬರ್ ಕೂಗೋದು ಅವರ ಪುಸ್ತಕದ್ದು, ಮೇಲಿನವರ ಪುಸ್ತಕದಲ್ಲಿ ಅದೇ ಸಂಗೀತ ಬೇರೆ ನಂಬರಲ್ಲಿ, ರಾಗವೂ ಕೆಲವು ಕಡೆ ಬೇರೆ. ಅಜ್ಜಿ ರಾತ್ರಿ ಕೂತು ಅಜ್ಜನ ಪುಸ್ತಕ ಪಕ್ಕ ಇಟ್ಟುಕೊಂಡು ಒಂದೊಂದೇ ಹೊಂದಿಸಿದ್ದು ಅದು. ಕೆಲವಕ್ಕೆ ನಂಬರ್ ಇಲ್ಲ, "ಅವರಲ್ಲಿ ಇಲ್ಲ" ಅಂತ ಬರೆದಿದೆ. ಕೊನೆಯ ಖಾಲಿ ಹಾಳೆಗಳಲ್ಲಿ ಅವರಲ್ಲಿ ಇದ್ದು ನಮ್ಮಲ್ಲಿ ಇಲ್ಲದ್ದು, ಪೂರ್ತಿ ಸಾಲು ಸಾಲಾಗಿ, ಅಜ್ಜಿಯ ದುಂಡು ಅಕ್ಷರ. ಒಂದು ಕಡೆ ಮಾತ್ರ ಅಕ್ಷರ ಉದ್ದುದ್ದ, ಬಾಗಿದ ಹಾಗೆ. ಅದು ಅಜ್ಜನದ್ದು.

ಬಸ್ಸಲ್ಲಿ ಆ ಪುಸ್ತಕ ತೆಗೀಲಿಲ್ಲ, ಮಳೆ ಹನಿ ಬೀಳ್ತದೆ ಅಂತ.

ಭಾನುವಾರ

ಅತ್ತೆ ಜೊತೆ ಬಲ್ಮಠದ ಶಾಂತಿ ಕಥೀಡ್ರಲ್ಲಿಗೆ ಹೋದೆ, ತಿಂಗಳ ಮೊದಲ ಭಾನುವಾರ, ಪ್ರಭು ಭೋಜನ. ಭೋಜನಕ್ಕೆ ಮೊದಲು ಸಮಾಧಾನ ಹಂಚುವ ಹೊತ್ತು ಬರುತ್ತಲ್ಲ, ಮುಂದಿನಿಂದ ಒಬ್ಬರ ಕೈಯಿಂದ ಒಬ್ಬರ ಕೈಗೆ, ಜೋಡಿಸಿದ ಕೈಗಳನ್ನ ಪಕ್ಕದವರ ಕೈಗಳ ನಡುವೆ ಇಡೋದು, ಹುಟ್ಟಿದಾಗಿಂದ ಮಾಡಿದೀನಿ. ಇದು ಆಂಗ್ಲಿಕನ್ನರದ್ದೂ ಅಲ್ಲ, ಮೆಥಡಿಸ್ಟರದ್ದೂ ಅಲ್ಲ, ಬಾಸೆಲಿನವರದ್ದೂ ಅಲ್ಲ. ಸಿಎಸ್‌ಐ ಒಂದಾದ ಮೇಲೆ 1950ರಲ್ಲಿ ಹೊಸ ಭೋಜನ ಕ್ರಮ ಮಾಡುವಾಗ ಕೇರಳದ ಸಿರಿಯನ್ ಕ್ರೈಸ್ತರಿಂದ ತಗೊಂಡಿದ್ದು ಅಂತ ಗುರುವಾರ ಓದಿದ್ದೆ. ಯಾರಿಗೂ ಸೇರದ ಒಂದನ್ನ ಎಲ್ಲರೂ ಹೊಸದಾಗಿ ಕಲಿತರು. ಅತ್ತೆಯ ಕೈ ನನ್ನ ಕೈಯಲ್ಲಿ ಬಂದಾಗ ಕಣ್ಣು ತುಂಬಿತು, ಅತ್ತೆ ಏನೂ ಕೇಳಲಿಲ್ಲ.

ಮಧ್ಯಾಹ್ನದ ಬಸ್ಸು. ಚಾರ್ಮಾಡಿಯಲ್ಲಿ ನೆಟ್‌ವರ್ಕ್ ಇರಲಿಲ್ಲ, ಕೊಟ್ಟಿಗೆಹಾರದಲ್ಲಿ ದೊಡ್ಡಪ್ಪನ ಫೋನು. ಸಂಚಿಕೆಯ ಕವರಿಗೆ 1865 ಅಂತ ದೊಡ್ಡದಾಗಿ ಹಾಕಿಸೋಕೆ ಹೇಳಿದೀನಿ, ಸರಿ ತಾನೇ ಅಂತ ಕೇಳಿದ್ರು. ನಾನು ಇದ್ದಿದ್ದನ್ನ ಇದ್ದ ಹಾಗೇ ಹೇಳಿದೆ, ಅದು ಕಾರ್ಖಾನೆಯ ವರ್ಷ, ಮೇಲಿನ ಹಂಚು ಯುದ್ಧಕ್ಕೆ ಮೊದಲಿನದ್ದು, ಕೆಳಗಿನದ್ದು ಆಮೇಲಿನದ್ದು, ನಾವು ಖಚಿತವಾಗಿ ಬರೆಯಬಹುದಾದದ್ದು ಅಷ್ಟೇ. ಮಗುವಿನ ವಿಷಯ, ಅಜ್ಜಿಯ ನಂಬರ್‌ಗಳ ವಿಷಯ, ಬಿಷಪ್ಪರ ಜಗಳ, ಎಲ್ಲ ಬರೀತೀನಿ, ಆ ಒಂದು ಸಾಲು ತೆಗೀತೀನಿ ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ದೊಡ್ಡಪ್ಪ ಚಿಕ್ಕವರಿದ್ದಾಗಿಂದ ಎಲ್ಲರಿಗೂ 1865 ಅಂತ ಹೇಳಿಕೊಂಡು ಬಂದವರು.

"ಬರಿ. ಜಗಳಾನೂ ಬರಿ. ಆ ಸಂಪಿಗೆ ಗಿಡ ನೆಟ್ಟಿದ್ದು ನಮ್ಮಪ್ಪ" ಅಂದ್ರು. ಆಮೇಲೆ, "ಸೋರೋದಕ್ಕೆ ಏನಂದ್ರು?"

ಸಾಲು ಬೇರೆ ಮಾಡಬೇಕಂತೆ, ಸೇರುವಲ್ಲಿ ತಗಡು ಕೊಡಬೇಕಂತೆ, ಒತ್ತಿ ಕೂರಿಸಬಾರದಂತೆ ಅಂದೆ.

"ಮಳೆ ಬಿಡಲಿ. ನೀನೂ ಬಾ, ಏಣಿ ಹಿಡಿಯೋಕೆ ಇಬ್ಬರು ಬೇಕು."